ಬರೀ ರನ್‌ವೇ ಉದ್ದ ಕೇಳಿದರೆ ಸಾಲದು

ಸಂಪಾದಕರಿಗೆ,

ದಾವಣಗೆರೆಗೆ ವಿಮಾನ ನಿಲ್ದಾಣ ಬೇಕೆಂಬ ಮಾತು ಎದ್ದಾಗಲೆಲ್ಲ ಚರ್ಚೆ ಎರಡೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಎಷ್ಟು ಎಕರೆ, ಎಷ್ಟು ಉದ್ದದ ರನ್‌ವೇ? ಮೋಡ ಕವಿದ ದಿನ ಅಲ್ಲಿ ವಿಮಾನ ಇಳಿದೀತೇ ಎಂದು ಯಾರೂ ಕೇಳುವುದಿಲ್ಲ. ನೆರೆಯ ಶಿವಮೊಗ್ಗದ ರನ್‌ವೇ ಮೂರು ಕಿಲೋಮೀಟರ್ ದಾಟುತ್ತದೆ. ಹಾಗಿದ್ದೂ ಮಂಜಿನ ದಿನ ವಿಮಾನ ವಾಪಸಾದರೆ ಪೈಲಟ್‌ಗೆ ಧೈರ್ಯ ಸಾಲದು ಎನ್ನುವವರಿದ್ದಾರೆ. ಉದ್ದ ಬೇಕಾಗುವುದು ಚಕ್ರ ನೆಲ ಮುಟ್ಟಿದ ಮೇಲೆ. ಅದಕ್ಕೂ ಮೊದಲು ನೆಲ ಕಾಣಬೇಕಲ್ಲ!

ಕಣ್ಣನ್ನೇ ನಂಬಿ ಇಳಿಯುವ ನಿಲ್ದಾಣದಲ್ಲಿ ಸಾಮಾನ್ಯವಾಗಿ 5 ಕಿಲೋಮೀಟರ್ ಗೋಚರತೆ ಬೇಕು. ವಿಒಆರ್ ಎಂಬ ರೇಡಿಯೊ ಕೇಂದ್ರವಿದ್ದರೆ ದಿಕ್ಕು ಸಿಗುತ್ತದೆ, ಇಳಿಜಾರು ಸಿಗುವುದಿಲ್ಲ. ಹಾಗಾಗಿ ಅಲ್ಲಿ ನೆಲ ಕಾಣದೆಯೂ ಇಳಿದು ಬರಬಹುದಾದ ಕನಿಷ್ಠ ಎತ್ತರದ ಲೆಕ್ಕ 250–300 ಅಡಿಯಿಂದ ಶುರುವಾಗಿ, ಸುತ್ತಲಿನ ಗುಡ್ಡ, ಗೋಪುರ ನೋಡಿಕೊಂಡು ಇನ್ನೂ ಮೇಲಕ್ಕೆ ಹೋಗುತ್ತದೆ. ಐಎಲ್‌ಎಸ್ ಎಂಬ, ರನ್‌ವೇ ಬಳಿಯಿಂದ ರೇಡಿಯೊ ಕಿರಣ ಬೀರಿ ವಿಮಾನ ಇಳಿಸಲು ನೆರವಾಗುವ ಉಪಕರಣದಲ್ಲಿ ದಿಕ್ಕಿನ ಜೊತೆಗೆ ಸುಮಾರು 3 ಡಿಗ್ರಿ ಇಳಿಜಾರಿನ ಕಿರಣವೂ ಇರುತ್ತದೆ. ಅದರ ಮೊದಲ ದರ್ಜೆಯಲ್ಲಿ ಪೈಲಟ್ ನೆಲದಿಂದ 200 ಅಡಿವರೆಗೆ ಉಪಕರಣ ನಂಬಿ ಬರಬಹುದು. ಆ ಹೊತ್ತಿಗೆ ಕಣ್ಣಿಗೆ ಗುರುತು ಸಿಕ್ಕಿರಬೇಕು. ಸಿಗದಿದ್ದರೆ ಮರುಮಾತಿಲ್ಲದೆ ಮೇಲೇರಬೇಕು.

ಇಲ್ಲೊಂದು ಲೆಕ್ಕವಿದೆ. 3 ಡಿಗ್ರಿ ಇಳಿಜಾರಿನಲ್ಲಿ 200 ಅಡಿ ಎತ್ತರದಲ್ಲಿರುವ ವಿಮಾನಕ್ಕೆ ರನ್‌ವೇಯ ಅಂಚು ಇನ್ನೂ ಸುಮಾರು 860 ಮೀಟರ್ ಮುಂದಿರುತ್ತದೆ. ನಿಯಮ ಕೇಳುವ ಕನಿಷ್ಠ ಗೋಚರತೆ 550 ಮೀಟರ್. ಅಂದರೆ ಅಂಥ ದಿನ ಆ ಎತ್ತರದಿಂದ ರನ್‌ವೇ ಕಾಣುವುದೇ ಇಲ್ಲ! ಕಾಣುವುದು ರನ್‌ವೇಗೂ ಮೊದಲು ಹೊಲದ ನಡುವೆ ನೆಟ್ಟ ಅಪ್ರೋಚ್ ದೀಪಗಳ ಸಾಲು. ಈ ದರ್ಜೆಗೆ ಅದರ ಉದ್ದ 900 ಮೀಟರ್, 30 ಮೀಟರ್‌ಗೊಂದರಂತೆ ದೀಪ. ಎಟಿಆರ್‌ನಂಥ ಸಣ್ಣ ಪ್ರಯಾಣಿಕ ವಿಮಾನ ಆ 200 ಅಡಿಯಿಂದ ರನ್‌ವೇ ಅಂಚಿಗೆ ಬರಲು ಹಿಡಿಯುವುದು ಹೆಚ್ಚುಕಡಿಮೆ 15 ಸೆಕೆಂಡು. ಅಷ್ಟರಲ್ಲಿ ವಿಮಾನ ನೇರಕ್ಕಿದೆಯೇ, ರೆಕ್ಕೆ ಸಮವಾಗಿದೆಯೇ ಎಂದು ತೋರಿಸಿಕೊಡುವುದು ಆ ದೀಪಗಳೇ.

ಹಾಗಾಗಿ ಐಎಲ್‌ಎಸ್ ಮಾತ್ರ ತಂದಿಟ್ಟು ದೀಪ ಬಿಟ್ಟರೆ ದುಡ್ಡು ದಂಡ. ಯುರೋಪಿನ ನಿಯಮದ ಪಟ್ಟಿಯಲ್ಲಿ 200 ಅಡಿಯ ಮಿತಿಗೆ ಪೂರ್ಣ ದೀಪಸಾಲು ಇದ್ದರೆ 550 ಮೀಟರ್ ಸಾಕು. ದೀಪವೇ ಇಲ್ಲದಿದ್ದರೆ ಅದೇ ಐಎಲ್‌ಎಸ್‌ಗೆ 1200 ಮೀಟರ್ ಬೇಕು.

ಗೋಚರತೆಯನ್ನು ಅಳೆಯುವುದರಲ್ಲೂ ಗೊಂದಲವಿದೆ. ಹವಾಮಾನ ವೀಕ್ಷಕರು ಸುತ್ತ ನೋಡಿ ಹೇಳುವುದು ಒಂದು. ರನ್‌ವೇ ಪಕ್ಕದ ಯಂತ್ರ ಅಳೆಯುವ ಆರ್‌ವಿಆರ್, ಅಂದರೆ ರನ್‌ವೇ ಉದ್ದಕ್ಕೂ ಎಷ್ಟು ದೂರ ಕಾಣುತ್ತದೆಂಬ ಅಂಕಿ, ಇನ್ನೊಂದು. ಯಂತ್ರವಿಲ್ಲದ ಕಡೆ, ಪ್ರಖರ ದೀಪಗಳಿದ್ದರೆ ವೀಕ್ಷಕರ ಅಂಕಿಯನ್ನು ಹಗಲು 1.5ರಿಂದ, ರಾತ್ರಿ 2ರಿಂದ ಗುಣಿಸಿಕೊಳ್ಳುವ ಪದ್ಧತಿ ಇದೆ. ಬೇಕಾದ ಮಿತಿ 800 ಮೀಟರ್‌ಗಿಂತ ಕಡಿಮೆಯಾದರೆ ಮಾತ್ರ ಈ ಗುಣಾಕಾರ ನಡೆಯದು, ಯಂತ್ರವೇ ಬೇಕು. ವಿಮಾನ 1000 ಅಡಿಗೆ ಇಳಿಯುವ ಮೊದಲೇ ಆರ್‌ವಿಆರ್ ಮಿತಿಗಿಂತ ಕೆಳಗಿದ್ದರೆ ಮುಂದುವರಿಯುವಂತಿಲ್ಲ. ಆ ಎತ್ತರ ದಾಟಿದ ಮೇಲೆ ಆರ್‌ವಿಆರ್ ಕುಸಿದರೆ, ಇಳಿಯುವುದೋ ಮೇಲೇರುವುದೋ ಎಂದು ತೀರ್ಮಾನಿಸುವ ಎತ್ತರದವರೆಗೆ ಬಂದು ನೋಡಬಹುದು.

ನಮ್ಮ ಕಡೆಯ ಅಪಾಯ ಬೇರೆ ಥರದ್ದು. ಭದ್ರಾ ನಾಲೆಯ ನೀರುಂಡ ಗದ್ದೆಗಳ ಮೇಲೆ ಚಳಿಗಾಲದ ಬೆಳಗಿನ ಜಾವ ಏಳುವ ಮಂಜು ತೆಳುಪದರದ್ದು. ಮೇಲಿನಿಂದ ನೇರ ಕೆಳಗೆ ನೋಡಿದರೆ ರನ್‌ವೇ ಸ್ಪಷ್ಟ. ಇಳಿಯುತ್ತ ಓರೆಯಾಗಿ ನೋಡಿದಾಗ ಅದೇ ಪದರ ದಪ್ಪವಾಗಿ, ಕೊನೆಯ ಐವತ್ತು ಅಡಿಯಲ್ಲಿ ಎಲ್ಲವೂ ಬೆಳ್ಳಗಾಗಿಬಿಡುತ್ತದೆ. ‘ಮೇಲಿಂದ ಕಂಡಿತ್ತಲ್ಲ’ ಎಂಬ ವಾದ ಆಗ ಯಾವ ಕೆಲಸಕ್ಕೂ ಬಾರದು. ಕಂಡ ಮೇಲೂ ಎಲ್ಲ ಮುಗಿಯಿತೆಂದಲ್ಲ: 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ ಮಳೆ, ಹಿಂಗಾಳಿಯ ನಡುವೆ ವಿಮಾನ ರನ್‌ವೇಯ ಅರ್ಧ ದಾಟಿ ನೆಲ ಮುಟ್ಟಿ, ಆಚೆ ಬಿದ್ದು 21 ಜನ ಸತ್ತರು.

ಚಿತ್ರದುರ್ಗದ ದಿಕ್ಕಿನಲ್ಲಿ ಜಾಗ ನೋಡುವವರು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಮರೆಯಬಾರದು. ಇಳಿಯಲಾಗದೆ ಮೇಲೇರುವ ವಿಮಾನಕ್ಕೆ ದಾರಿ ರೂಪಿಸುವಾಗ ಹಿಡಿಯುವ ಏರಿಕೆ ಕಿಲೋಮೀಟರ್‌ಗೆ 25 ಮೀಟರ್ ಅಷ್ಟೇ. ಆ ದಾರಿಗೆ ಯಂತ್ರದ ರೆಕ್ಕೆ ಅಡ್ಡ ಬಂದರೆ 200 ಅಡಿಯ ಮಿತಿ ಕಾಗದದಲ್ಲೇ ಉಳಿಯುತ್ತದೆ.

ಐಎಲ್‌ಎಸ್ ದುಬಾರಿ ಎಂದರೆ, ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರದ ಉಪಗ್ರಹದ ಮೂಲಕ ವಿಮಾನಕ್ಕೆ ದಾರಿ ತೋರುವ ಗಗನ್ ವ್ಯವಸ್ಥೆ ಇದೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಎಟಿಆರ್ ವಿಮಾನವೊಂದು ಅದನ್ನು ಬಳಸಿ ಇಳಿದಿದೆ. ಇದರಲ್ಲಿ ಸುಮಾರು 250 ಅಡಿವರೆಗೆ ಬರಬಹುದು. ರನ್‌ವೇ ಬಳಿ ಕಿರಣ ಬೀರುವ ಯಂತ್ರ ಬೇಡ. ದೀಪಗಳ ಅಗತ್ಯ ಮಾತ್ರ ಇದಕ್ಕೂ ತಪ್ಪಿದ್ದಲ್ಲ.

ಆದ್ದರಿಂದ ಜಾಗದ ಸರ್ವೆ ನಡೆಯುವಾಗಲೇ ಜನಪ್ರತಿನಿಧಿಗಳು ಕೇಳಬೇಕಾದದ್ದು ರನ್‌ವೇ ಆಚೆಯ 900 ಮೀಟರ್. ದೀಪಸಾಲಿನ ಎರಡೂ ಬದಿಗೆ 60 ಮೀಟರ್‌ವರೆಗೆ ಬೆಳಕಿಗೆ ಅಡ್ಡ ಏನೂ ಏಳಬಾರದು. ಒಂದು ತುದಿಗೆ ಸುಮಾರು 27 ಎಕರೆ. ಅಲ್ಲಿ ರಾಗಿ ಬೆಳೆದರೆ ತೊಂದರೆಯಿಲ್ಲ. ಅಡಿಕೆ, ತೆಂಗು ನೆಟ್ಟರೆ ಹತ್ತು ವರ್ಷಕ್ಕೆ ದೀಪ ಮರೆಯಾಗಿ, ತೋಟ ಕಡಿಯುವ ವ್ಯಾಜ್ಯ ಕೋರ್ಟಿಗೆ ಹೋಗುತ್ತದೆ.

– ಓದುಗ, ವಿದ್ಯಾನಗರ, ದಾವಣಗೆರೆ