ಕ್ಲಬ್ ಬಿಡುವ ಮುನ್ನ ತಾರೀಖು ನೋಡು

ಚಿರಂಜೀವಿ ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಿನ್ನ ಫುಟ್ಬಾಲ್ ಕ್ಲಬ್ಬಿನವರು ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡಿದ್ದಾರೆ, ಎಲ್ಲವನ್ನೂ ಇನ್‌ಸ್ಟಾಗ್ರಾಮಿನಲ್ಲಿ ಬರೆದು ಹಾಕಿ ಹೊರಟು ಬರುತ್ತೀಯಂತೆ ಎಂದು ನಿನ್ನಮ್ಮ ಹೇಳಿದಳು. ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೂ ಅದನ್ನು ಹಾಕಬೇಡ, ಪ್ರಾಕ್ಟೀಸನ್ನೂ ತಪ್ಪಿಸಬೇಡ. ಮೊದಲು ಕರಾರುಪತ್ರ ತೆಗೆದು, ಅದರಲ್ಲಿ ಬರುವ ಪ್ರತಿ ತಾರೀಖಿನ ಕೆಳಗೂ ಗೆರೆ ಎಳೆ. ತಾರೀಖು ಕೈತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ನೀನು ಪೂಜಿಸುವ ಮೆಸ್ಸಿಯ ಪ್ರಸಂಗವೇ ಸಾಕು.

2017ರ ನವೆಂಬರಿನಲ್ಲಿ ಸ್ಪೇನಿನ ಬಾರ್ಸಿಲೋನಾ ಕ್ಲಬ್ ಜೊತೆ ಅವನು ಮಾಡಿಕೊಂಡ ಕರಾರು 2021ರ ಜೂನ್ 30ರವರೆಗೆ ಇತ್ತು. ಮಧ್ಯದಲ್ಲಿ ಬಿಡಿಸಿಕೊಳ್ಳಬೇಕಾದರೆ 70 ಕೋಟಿ ಯೂರೊ. ಜೊತೆಗೆ ಇನ್ನೊಂದು ಕಲಮು: ಸೀಸನ್ ಮುಗಿದಾಗ ಏನೂ ಕಟ್ಟದೆ ಹೋಗಬಹುದು, ಆದರೆ ಜೂನ್ 10ರೊಳಗೆ ತಿಳಿಸಿರಬೇಕು ಎಂಬುದು ಕ್ಲಬ್ಬಿನ ವಾದ. 2020ರಲ್ಲಿ ಕೊರೊನಾದಿಂದ ಸೀಸನ್ ಆಗಸ್ಟಿಗೆ ಎಳೆಯಿತು. ಆ ತಿಂಗಳ 14ರಂದು ಬಯರ್ನ್ ಮ್ಯೂನಿಕ್ ಎದುರು 8-2ರಿಂದ ಸೋತು, 25ರಂದು ಅವನು ಆ ಕಲಮಿನ ಪ್ರಕಾರ ಬಿಡುತ್ತೇನೆಂದು 'ಬುರೋಫ್ಯಾಕ್ಸ್' ಕಳಿಸಿದ. ಅದು ಸ್ಪೇನಿನ ಅಂಚೆ ಇಲಾಖೆ ಪತ್ರ ತಲುಪಿದ್ದಕ್ಕೂ, ಒಳಗೆ ಏನು ಬರೆದಿತ್ತು ಎಂಬುದಕ್ಕೂ ಸಾಕ್ಷಿ ನಿಲ್ಲುವ ಟಪಾಲು. ಕಾಗದ ಪಕ್ಕಾ ಆಗಿತ್ತು, ದಿನ ಮಾತ್ರ ಮೀರಿತ್ತು. ಸೀಸನ್ನೇ ತಡವಾದ ಮೇಲೆ ಗಡುವೂ ಮುಂದೆ ಹೋಗಬೇಕು ಎಂದು ಅವನ ಕಡೆಯವರು ವಾದಿಸಿದರು. ನನಗೆ ಆ ವಾದದಲ್ಲಿ ಹುರುಳಿದೆ ಅನ್ನಿಸುತ್ತದೆ. ಆದರೆ ಕಾಗದದಲ್ಲಿ ತಾರೀಖು ಕಾಣುವಾಗ ಹುರುಳನ್ನು ಸಾಬೀತು ಮಾಡಲು ಕೋರ್ಟಿಗೇ ಹೋಗಬೇಕು. ಆಗಸ್ಟ್ 30ರಂದು ಅವನು ಕ್ಲಬ್ಬಿನ ಕೋವಿಡ್ ಪರೀಕ್ಷೆಗೆ ಹೋಗಲಿಲ್ಲ. ಅದೇ ದಿನ ಸ್ಪೇನಿನ ಲೀಗ್ ಸಂಸ್ಥೆ ಲಾ ಲಿಗಾ, ಬಿಡುಗಡೆ ಮೊತ್ತ ಕಟ್ಟಲೇಬೇಕು ಎಂದಿತು. ಸೆಪ್ಟೆಂಬರ್ 4ರಂದು, ಬೆಳೆಸಿದ ಕ್ಲಬ್ಬಿನ ಮೇಲೆ ಕೋರ್ಟಿಗೆ ಹೋಗಲಾರೆ ಎಂದು ಉಳಿದುಕೊಂಡ.

ವರ್ಷಪೂರ್ತಿ ಕ್ಲಬ್ಬಿನ ಅಧ್ಯಕ್ಷರಿಗೆ ಬಾಯಲ್ಲಿ ಹೇಳುತ್ತಲೇ ಇದ್ದೆ, ಸೀಸನ್ ಮುಗಿದ ಮೇಲೆ ನೀನೇ ತೀರ್ಮಾನಿಸು ಅಂದಿದ್ದರು ಎಂದು ಮೆಸ್ಸಿಯೇ ಸಂದರ್ಶನದಲ್ಲಿ ಹೇಳಿಕೊಂಡ. ನಿನ್ನ ಮ್ಯಾನೇಜರ್ ಫೋನಿನಲ್ಲಿ ಕೊಡುತ್ತಿರುವ ಭರವಸೆಯೂ ಇಂಥದ್ದೇ.

ಈಗ ನಿನ್ನ ವಿಷಯ. ವಿಶ್ವ ಫುಟ್ಬಾಲ್ ಸಂಸ್ಥೆ ಫಿಫಾದ ನಿಯಮದಲ್ಲಿ, ಕನಿಷ್ಠ ಎರಡು ತಿಂಗಳ ಸಂಬಳ ಗಡುವು ದಾಟಿ ಬಾಕಿಯಿದ್ದು, ನೀನು ಲಿಖಿತವಾಗಿ ಕೇಳಿ ಕನಿಷ್ಠ 15 ದಿನ ಕಾಲಾವಕಾಶ ಕೊಟ್ಟಮೇಲೂ ಕ್ಲಬ್ ಕೊಡದಿದ್ದರೆ, ಕರಾರು ಮುರಿಯಲು ಅದು ನ್ಯಾಯವಾದ ಕಾರಣ. ಭಾರತದ ಕ್ಲಬ್ಬಿನೊಡನೆ ಭಾರತದ ಆಟಗಾರನ ವ್ಯಾಜ್ಯ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ಪ್ಲೇಯರ್ಸ್ ಸ್ಟೇಟಸ್ ಕಮಿಟಿಗೆ ಹೋಗುವುದರಿಂದ ಅವರ ನಿಯಮಾವಳಿಯನ್ನೂ ಪಕ್ಕದಲ್ಲಿಟ್ಟುಕೊಂಡೇ ನೋಟಿಸ್ ಬರೆಯಬೇಕು. ಯಾವ ತಿಂಗಳದ್ದು ಎಷ್ಟು, ಕರಾರಿನ ಪ್ರಕಾರ ಯಾವ ದಿನ ಬರಬೇಕಿತ್ತು, ಯಾವ ಖಾತೆಗೆ ಹಾಕಬೇಕು, ಪತ್ರ ತಲುಪಿದ ದಿನದಿಂದ 15 ದಿನ ಎಂದು ಬಿಡಿಬಿಡಿಯಾಗಿ ಇರಲಿ. ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸು. ಕರಾರಿನಲ್ಲಿ ನೋಟಿಸ್‌ಗೆಂದು ಕೊಟ್ಟಿರುವ ವಿಳಾಸಕ್ಕೇ ಸ್ಪೀಡ್ ಪೋಸ್ಟ್ ಮಾಡು. ಕೋಚ್‌ಗೆ ವಾಟ್ಸಾಪ್ ಮಾಡಿದರೆ ಲೆಕ್ಕಕ್ಕಿಲ್ಲ. ನಮ್ಮ ಅಂಚೆ ರಸೀತಿ ಲಕೋಟೆ ಹೋಗಿದ್ದನ್ನು ಹೇಳುತ್ತದೆ, ಒಳಗಿದ್ದ ಬರಹವನ್ನಲ್ಲ. ಆದ್ದರಿಂದ ಸಹಿ ಮಾಡಿದ ಅದೇ ಪ್ರತಿಯನ್ನು ಸ್ಕ್ಯಾನ್ ಮಾಡಿ ಆ ದಿನವೇ ಇಮೇಲ್ ಕಳಿಸು.

ಕೆಡುವುದು ಸಾಮಾನ್ಯವಾಗಿ ಆ ಹದಿನೈದು ದಿನಗಳಲ್ಲೇ. ಹದಿನಾಲ್ಕನೆಯ ದಿನ ಒಂದು ತಿಂಗಳ ದುಡ್ಡು ಖಾತೆಗೆ ಬಿದ್ದರೆ ಬಾಕಿ ಒಂದೇ ತಿಂಗಳಿಗೆ ಇಳಿಯುತ್ತದೆ, ಆ ನಿಯಮ ನಿನ್ನ ಕೈಬಿಡಬಹುದು. ಹಣ ಬಂದ ಖುಷಿಯಲ್ಲಿ 'ಬಾಕಿ ಏನೂ ಇಲ್ಲ' ಎಂಬ ಕಾಗದಕ್ಕೆ ಸಹಿ ಹಾಕಿದರೆ ಉಳಿದದ್ದನ್ನು ಕೇಳುವುದೂ ಕಷ್ಟ. ಅಭ್ಯಾಸಕ್ಕೆ ಹೋಗದಿದ್ದರೆ ಮೊದಲು ಕರಾರು ಮುರಿದವನು ನೀನೇ ಎಂದು ತಿರುಗಿಸುತ್ತಾರೆ. ದಿನಾ ಹೋಗು, ಮೈದಾನದ ಹಾಜರಿ ಪುಸ್ತಕದಲ್ಲಿ ಸಹಿ ಮಾಡು.

ಇನ್ನೊಂದು ಕ್ಲಬ್ ಕರೆಯುತ್ತಿದೆಯಂತೆ. ಅವಸರಪಡಬೇಡ. 28 ತುಂಬುವ ಮೊದಲು ಸಹಿ ಹಾಕಿದ ಕರಾರಿಗೆ ಮೂರು ಸೀಸನ್ ಅಥವಾ ಮೂರು ವರ್ಷದ ರಕ್ಷಿತ ಅವಧಿ ಇರುತ್ತದೆ. ಅದರೊಳಗೆ ತಕ್ಕ ಕಾರಣವಿಲ್ಲದೆ ಬಿಟ್ಟರೆ ಪರಿಹಾರದ ಜೊತೆ ನಾಲ್ಕು ತಿಂಗಳ ನಿಷೇಧವೂ ಬೀಳಬಹುದು. 2024ರಲ್ಲಿ ಭಾರತ ತಂಡದ ಡಿಫೆಂಡರ್ ಅನ್ವರ್ ಅಲಿ ಮೋಹನ್ ಬಗಾನ್ ಬಿಟ್ಟು ಈಸ್ಟ್ ಬೆಂಗಾಲ್ ಸೇರಿದಾಗ ಆ ಕಮಿಟಿ ಮೊದಲು ಕೊಟ್ಟ ಆದೇಶದಲ್ಲಿ ನಾಲ್ಕು ತಿಂಗಳ ನಿಷೇಧವೂ 12.9 ಕೋಟಿ ರೂಪಾಯಿ ಪರಿಹಾರವೂ ಇದ್ದವು. ವಿಷಯ ದೆಹಲಿ ಹೈಕೋರ್ಟಿಗೆ ಹೋದಮೇಲೆ ಕಮಿಟಿ ಆ ಆದೇಶವನ್ನು ಹಿಂದಕ್ಕೆ ಪಡೆಯಿತು ನಿಜ, ಆದರೆ ಆಡುವ ವಯಸ್ಸಿನಲ್ಲಿ ಆ ಅಲೆದಾಟ ನಿನಗೆ ಬೇಡ.

ಕರಾರಿನ ಎಲ್ಲ ಪುಟಗಳ ಫೋಟೊ ತೆಗೆದು ಭಾನುವಾರದೊಳಗೆ ಕಳಿಸು. ಕೊನೆಯಲ್ಲಿ ಪಿನ್ ಹೊಡೆದಿರುವ ಅನುಬಂಧವನ್ನು ಬಿಡಬೇಡ, ಸಂಬಳದ ತಾರೀಖು ಎಷ್ಟೋ ಸಲ ಅಲ್ಲೇ ಇರುತ್ತದೆ. ನೋಟಿಸಿನ ಕರಡು ನಾನು ನೋಡುತ್ತೇನೆ.

ಇಂತಿ,
ನಿನ್ನ ಸೋದರಮಾವ