ಪಾಚಿ ಕೀಳುವ ಮುಂಚೆ

ಚಿ. ಸುಮಳಿಗೆ ಮಾವನ ಆಶೀರ್ವಾದಗಳು.

ಸ್ವೀಡನ್ನಿನ ಉಮಿಯೊ ಸುತ್ತಲಿನ ಸ್ಪ್ರೂಸ್ (ಸೂಜಿಯೆಲೆ ಮರ) ಕಾಡುಗಳಲ್ಲಿ, ಗಾಳಿಯ ಮಾಲಿನ್ಯ ತಿಳಿಯಲು ನೆಲದ ಪಾಚಿಯ (ಮಾಸ್) ನೈಟ್ರೋಜನ್ ಅಳೆಯಲು ಹೊರಟಿದ್ದೀಯಂತೆ, ಸಂತೋಷ. ಒಂದು ಮಾತು ನೆನಪಿರಲಿ. ಕೀಳುವ ಜಾಗದಲ್ಲೇ ಎಡವಿದರೆ ಲ್ಯಾಬಿನಲ್ಲಿ ಏನು ಮಾಡಿದರೂ ಅದು ಸರಿಹೋಗದು.

ಪಾಚಿಗೆ ನಿಜವಾದ ಬೇರಿಲ್ಲ, ಎಲೆಯೂ ಬಹುಪಾಲು ಒಂದೇ ಜೀವಕೋಶದಷ್ಟು ದಪ್ಪ. ಮಳೆಯಲ್ಲೋ ಧೂಳಿನಲ್ಲೋ ಬಂದ ಅಮೋನಿಯಂ, ನೈಟ್ರೇಟ್‌ನಂಥ ನೈಟ್ರೋಜನ್ ಲವಣಗಳು ನೇರವಾಗಿ ಒಳಗಿಳಿಯುತ್ತವೆ. ಮರದ ಸೂಜಿಗಳ ಮೇಲೆ ಕೂತದ್ದೂ ಮಳೆಹನಿಯೊಡನೆ ತೊಟ್ಟಿಕ್ಕುವುದರಿಂದ, ಕೊಂಬೆಗಳ ಅಂಚಿನಿಂದ ಕನಿಷ್ಠ 3 ಮೀಟರ್ ಆಚೆಯೇ ಕೀಳು. ಹೆದ್ದಾರಿ, ಊರು, ಕಾರ್ಖಾನೆಗಳಿಂದ 300 ಮೀಟರ್, ಸಣ್ಣ ರಸ್ತೆಯಿಂದ 100 ಮೀಟರ್ ದೂರವಿರಲಿ. 50×50 ಮೀಟರ್ ಜಾಗದಲ್ಲಿ ಐದರಿಂದ ಹತ್ತು ಕಡೆ ಒಂದಿಷ್ಟಿಷ್ಟು ತೆಗೆದು ಬೆರೆಸು. ಬೇಸಿಗೆಯಲ್ಲಿ ಅಲ್ಲಿ ಸೊಳ್ಳೆ ವಿಪರೀತ. ಆ ಕಾಟಕ್ಕೆ ಮರದ ಬುಡದ ದಟ್ಟ ಹಾಸನ್ನೇ ಕಿತ್ತು ಓಡಿ ಬರಬೇಡ.

ಹೈಲೋಕೋಮಿಯಂ ಸ್ಪ್ಲೆಂಡೆನ್ಸ್ ಎಂಬ ಪಾಚಿ ಸಿಕ್ಕರೆ ಅದೃಷ್ಟ. ಹೋದ ವರ್ಷದ ಗರಿಯ ನಡುವಿನಿಂದ ಈ ವರ್ಷದ ಗರಿ ಎದ್ದು ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುವುದರಿಂದ ವಯಸ್ಸನ್ನು ಬೆರಳಲ್ಲೇ ಎಣಿಸಬಹುದು. ಮೇಲಿನ ಮೂರು ಮೆಟ್ಟಿಲ ಹಸಿರು ಭಾಗ ಸಾಕು. ಕೆಳಗಿನ ಕಂದು ಭಾಗ ಆಗಲೇ ಕೊಳೆಯುತ್ತಿರುತ್ತದೆ. ಕಸಕಡ್ಡಿ ಆರಿಸಿ ತೆಗೆ, ತೊಳೆಯಬೇಡ. ತೊಳೆದರೆ ಅಳೆಯಬೇಕಾದದ್ದೂ ನೀರಿನೊಡನೆ ಹೋದೀತು. ತೂಕ ಇಳಿಯುವುದು ನಿಲ್ಲುವವರೆಗೆ 40 ಡಿಗ್ರಿಯಲ್ಲಿ ಒಣಗಿಸು.

ಹಸಿರಾಗಿ ಕಂಡ ಪಾಚಿ ಸುಖವಾಗಿದೆ ಎಂದುಕೊಂಡೀಯೆ. ಶುದ್ಧ ಕಾಡಿನಲ್ಲಿ ಹೈಲೋಕೋಮಿಯಂ ಮತ್ತು ಪ್ಲೂರೋಜಿಯಂ ಎಂಬ ಇನ್ನೊಂದು ಪಾಚಿಯ ಎಲೆಗಳ ಮೇಲೆ ನಾಸ್ಟಾಕ್‌ನಂಥ ನೀಲಿಹಸಿರು ಬ್ಯಾಕ್ಟೀರಿಯಾ ನೆಲೆಸಿ, ವರ್ಷಕ್ಕೆ ಹೆಕ್ಟೇರಿಗೆ ಒಂದೂವರೆಯಿಂದ ಎರಡು ಕಿಲೋ ನೈಟ್ರೋಜನ್ ಗಾಳಿಯಿಂದ ಹಿಡಿದು ಕಟ್ಟಿಕೊಡುತ್ತದೆ. ಮಲಿನ ಗಾಳಿಯಿಂದ ಬಂದ ನೈಟ್ರೋಜನ್ ಪುಕ್ಕಟೆ ಸಿಗತೊಡಗಿದರೆ ಆ ಕೆಲಸ ಕುಸಿಯುತ್ತದೆ, ಪಾಚಿಯ ಬಣ್ಣದಲ್ಲಿ ಏನೂ ಗೊತ್ತಾಗದು. ಹಾಗಾಗಿ ಒಂದಷ್ಟು ತಾಜಾ ಗರಿಗಳನ್ನು ಆ ಬ್ಯಾಕ್ಟೀರಿಯಾದ ಕೆಲಸವನ್ನು ಅಳೆಯುವ ಅಸಿಟಿಲೀನ್ ಪರೀಕ್ಷೆಗೆ ಬೇರೆಯಾಗಿ ಇಟ್ಟುಕೊ.

ಆಮೇಲಿನ ಪೆಟ್ಟು ಹುಲ್ಲಿನಿಂದ. ನೈಟ್ರೋಜನ್ ಉಂಡ ಡೆಶ್ಚಾಂಪ್ಸಿಯಾ ಎಂಬ ಹುಲ್ಲು ಎತ್ತರ ಬೆಳೆದು, ನೆರಳು ಮತ್ತು ಒಣಕಸದಡಿ ಪಾಚಿಯನ್ನು ಮುಚ್ಚಿಹಾಕುತ್ತದೆ. ಸ್ವೀಡನ್ನಿನದೇ ಪ್ರಯೋಗವೊಂದರಲ್ಲಿ ನೈಟ್ರೋಜನ್ ಗೊಬ್ಬರ ನಿಲ್ಲಿಸಿ 47 ವರ್ಷವಾದರೂ ಹೈಲೋಕೋಮಿಯಂ ಕಡಿಮೆಯೇ ಇತ್ತು, ಬ್ರಾಕಿಥೀಸಿಯಂ ಎಂಬ ಬೇರೆ ಪಾಚಿ ಹೆಚ್ಚಿತ್ತು. ಅದಕ್ಕೇ ಪ್ರತಿ ಚೌಕದಲ್ಲಿ ಪಾಚಿಯ ಜೊತೆ ಹುಲ್ಲು ಶೇಕಡಾ ಎಷ್ಟು ಹರಡಿದೆ ಎಂದೂ ಬರೆದುಕೊ. ಹತ್ತಿರ ದನದ ಕೊಟ್ಟಿಗೆಯಿದ್ದರೆ ಗಾಳಿಯ ಅಮೋನಿಯಾವನ್ನೂ ಅಳೆ. ವರ್ಷದ ಸರಾಸರಿ ಘನ ಮೀಟರಿಗೆ 1 ಮೈಕ್ರೋಗ್ರಾಂ ದಾಟಿದರೇ ಪಾಚಿಗೆ ಅಪಾಯ, ದೊಡ್ಡ ಗಿಡಗಳಿಗೆ ಆ ಮಿತಿ 3.

ಇತಿ,
ನಿನ್ನ ಸೋದರಮಾವ