ಜಾಸ್ತಿ ಬಂದದ್ದನ್ನೂ ಬರಿ

ಮೈಸೂರು

ಚಿ. ಸೌ. ಮೇಘಾಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಫೋನಿನಲ್ಲಿ ನೀನು "ಬಸುರಿನಲ್ಲಿ ಶುಗರ್ ಬಂದಿದೆ ದೊಡ್ಡಮ್ಮ" ಅಂದವಳು ಮುಂದೆ ಮಾತೇ ಆಡಲಿಲ್ಲ. ಆಮೇಲೆ ನಿನ್ನಮ್ಮ ಹೇಳಿದಳು, ಬೆಳಿಗ್ಗೆ ಸಕ್ಕರೆ ನೋಡುವ ಮೀಟರಿನಲ್ಲಿ ಕಡಿಮೆ ಬರಲಿ ಅಂತ ನೀನು ರಾತ್ರಿ ಬರೀ ಒಂದು ಲೋಟ ಮಜ್ಜಿಗೆ ಕುಡಿದು ಮಲಗುತ್ತಿದ್ದೀಯಂತೆ. ಅದನ್ನು ಕೇಳಿ ಸುಮ್ಮನಿರಲು ಆಗಲಿಲ್ಲ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತಿನಿಂದಲೇ ರಾತ್ರಿ ಊಟ ಮಾಡು. ಬಸುರಿ ಹಸಿದುಕೊಂಡು ಮಲಗಬಾರದು. ಊಟ ಸಿಗದಿದ್ದರೆ ಮೈ ಕೊಬ್ಬು ಕರಗಿಸಲು ಶುರು ಮಾಡುತ್ತದೆ, ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಅನ್ನುವ ಪದಾರ್ಥ ರಕ್ತದಲ್ಲಿ ಸೇರಿಕೊಳ್ಳುತ್ತದೆ. ಬಸುರಿಯರಲ್ಲಿ ಇದು ಬೇಗ ಆಗುತ್ತದೆ, ಮಗುವಿಗೆ ಒಳ್ಳೆಯದಲ್ಲ. ಇನ್ನು ಬೆಳಗಿನ ನಂಬರು ರಾತ್ರಿಯ ಊಟದ್ದು ಮಾತ್ರ ಅಲ್ಲ. ನೀನು ಮಲಗಿದ್ದಾಗ ಲಿವರ್ ತಾನೇ ಸಕ್ಕರೆ ಬಿಡುತ್ತಿರುತ್ತದೆ. ಹಾಗಾಗಿ ಹಸಿದು ಮಲಗಿದರೂ ನಂಬರು ಇಳಿಯದೆ ಇರಬಹುದು. ಇಳಿದರೂ ಅದರಿಂದ ಏನು ಬಂತು ಹೇಳು? ಡಾಕ್ಟರು ನೀನು ನಂಬರು ಬರೆದಿಡುವ ಪುಸ್ತಕ ನೋಡಿ "ಪರವಾಗಿಲ್ಲ, ಊಟದಲ್ಲೇ ಸರಿಹೋಗುತ್ತಿದೆ" ಅಂದುಕೊಳ್ಳುತ್ತಾರೆ. ನೀನು ಮತ್ತೆ ಎರಡು ಹೊತ್ತು ಊಟ ಮಾಡುವ ದಿನ ಸಕ್ಕರೆ ಏರುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಗ ಇಂಥ ಹೆಣ್ಣುಮಕ್ಕಳನ್ನು ತುಂಬ ನೋಡಿದ್ದೇನೆ. ಚೆಕಪ್ಪಿನ ಹಿಂದಿನ ದಿನ ಉಪವಾಸ, ಚೆಕಪ್ಪು ಮುಗಿದ ತಕ್ಷಣ ಹೋಟೆಲಿನಲ್ಲಿ ಸೆಟ್ ದೋಸೆ. ಅವರಿಗೆ ಬೈಯುವ ಮನಸ್ಸೇ ಬರುತ್ತಿರಲಿಲ್ಲ. ಅಷ್ಟು ಹೆದರಿರುತ್ತಿದ್ದರು ಪಾಪ.

ಮದುವೆಯಾದ ಹೊಸತರಲ್ಲಿ ಸಿಹಿ ಜಾಸ್ತಿ ತಿಂದೆ, ಅದಕ್ಕೇ ಹೀಗಾಯಿತು ಅಂತ ಅಮ್ಮನ ಹತ್ತಿರ ಹೇಳಿದೆಯಂತೆ. ಅಲ್ಲ ಮಗಳೇ. ಮಗುವನ್ನು ಸಾಕುವ ಮಾಸು ಇದೆಯಲ್ಲ, ಅದು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಅವು ತಾಯಿಯ ಮೈಯಲ್ಲಿ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತೆ ತಡೆಯುತ್ತವೆ. ಮಗುವಿಗೆ ಸಕ್ಕರೆ ಧಾರಾಳವಾಗಿ ಸಿಗಲಿ ಅಂತ ಮೈ ಮಾಡಿಕೊಂಡಿರುವ ಏರ್ಪಾಡು ಅದು. ಐದಾರು ತಿಂಗಳಾಗುವಾಗ ಈ ತಡೆ ಜೋರಾಗುತ್ತದೆ. ಆಗ ಎಲ್ಲ ಬಸುರಿಯರ ಪ್ಯಾಂಕ್ರಿಯಾಸೂ ಹೆಚ್ಚು ಇನ್ಸುಲಿನ್ ಮಾಡಲೇಬೇಕು. ಕೆಲವರಿಗೆ ಅಷ್ಟು ಸಾಧ್ಯವಾಗುವುದಿಲ್ಲ. ನಿನ್ನ ತಾತನಿಗೆ ಸಕ್ಕರೆ ಕಾಯಿಲೆ ಇತ್ತು, ನನಗೂ ಇದೆ. ನಮ್ಮ ಮನೆತನದಲ್ಲೇ ಇರುವುದಕ್ಕೆ ನೀನು ಯಾಕೆ ಅಪರಾಧಿ ಥರ ಕೂರಬೇಕು?

ಹಾಗಂತ ಬಿಟ್ಟುಬಿಡುವ ವಿಷಯವೂ ಅಲ್ಲ. ತಾಯಿಯ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಮಗು ತನ್ನ ಇನ್ಸುಲಿನ್ ತಾನೇ ಮಾಡಿಕೊಂಡು, ಬಂದ ಸಕ್ಕರೆಯನ್ನೆಲ್ಲ ಮೈಯಲ್ಲಿ ಕೊಬ್ಬಾಗಿ ತುಂಬಿಕೊಳ್ಳುತ್ತದೆ. ಮಗು ದಪ್ಪ ಆದರೆ ಹೆರಿಗೆ ಕಷ್ಟ. ಹುಟ್ಟಿದ ಮೇಲೆ ತಾಯಿಯಿಂದ ಬರುವ ಸಕ್ಕರೆ ನಿಂತುಹೋಗುತ್ತದೆ, ಮಗುವಿನ ಇನ್ಸುಲಿನ್ ಮಾತ್ರ ಇನ್ನೂ ಜಾಸ್ತಿಯೇ ಇರುತ್ತದೆ, ಮಗುವಿಗೆ ಸಕ್ಕರೆ ಕುಸಿಯಬಹುದು. ನಮ್ಮ ಮೈಸೂರಿನಲ್ಲೇ ಮಿಷನ್ ಆಸ್ಪತ್ರೆ ಅಂತೀವಲ್ಲ, ಹೋಲ್ಡ್ಸ್‌ವರ್ತ್, ಅಲ್ಲಿ 1997-98ರಲ್ಲಿ ಬಸುರಿಯರಿಗೆ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡಿದರು. ನೂರಕ್ಕೆ ಆರು ಮಂದಿಯಲ್ಲಿ ಈ ಸಕ್ಕರೆ ಕಂಡಿತು. ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ, ಹುಟ್ಟಿದ ಮಕ್ಕಳನ್ನೂ ವರ್ಷಗಟ್ಟಲೆ ಕರೆಸಿ ನೋಡಿದರು. ಐದು ವರ್ಷದ ಹೊತ್ತಿಗೆ ಸಕ್ಕರೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬೂ ಜಾಸ್ತಿ, ಇನ್ಸುಲಿನ್ನೂ ಜಾಸ್ತಿ. ಒಂಬತ್ತು ಹತ್ತು ವರ್ಷಕ್ಕೆ ಗಂಡುಮಕ್ಕಳಲ್ಲೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದು ಕಂಡಿತು. ನಮ್ಮ ಊರಿನ ತಾಯಂದಿರು, ಮಕ್ಕಳು ಕೊಟ್ಟ ಲೆಕ್ಕ ಇದು, ಹೊರದೇಶದ ಪುಸ್ತಕದ್ದಲ್ಲ. ಈಗ ಡಾಕ್ಟರುಗಳು ಇಷ್ಟು ಬೆನ್ನುಹತ್ತಿ ಪರೀಕ್ಷೆ ಮಾಡಿಸುವುದು ಇದಕ್ಕೇ.

ನಿನಗೆ ಇನ್ನೊಂದು ಅನುಮಾನ ಇತ್ತಂತೆ. "ನಾನು ಅವತ್ತು ದೋಸೆ ತಿಂದು ಹೋಗಿದ್ದೆ, ಅದಕ್ಕೇ 158 ಬಂದಿರಬೇಕು" ಅಂತ. ನಿನಗೆ ಮಾಡಿದ ಟೆಸ್ಟಿನಲ್ಲಿ ಊಟ ಮಾಡಿದ್ದರೂ ಸರಿ, ಬಿಟ್ಟಿದ್ದರೂ ಸರಿ. 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು ಒಂದೇ ಸಲ ರಕ್ತ ತೆಗೆಯುತ್ತಾರೆ. 140 ಅಥವಾ ಮೇಲೆ ಬಂದರೆ ಬಸುರಿನ ಸಕ್ಕರೆ ಅಂತ ಲೆಕ್ಕ. ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಅವರ ಜೊತೆಗಿದ್ದವರು ಇದನ್ನು ನಮ್ಮ ದೇಶಕ್ಕೆ ಹೊಂದುವ ಹಾಗೆ ರೂಪಿಸಿದರು. ಸರ್ಕಾರವೂ ಇದನ್ನೇ ಒಪ್ಪಿಕೊಂಡಿದೆ. ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬರುವ ಬಸುರಿಗೆ "ಏನೂ ತಿಂದಿರಬಾರದು, ನಾಳೆ ಮತ್ತೆ ಬಾ" ಅಂದರೆ ಅವಳು ಬರುತ್ತಾಳಾ? ಬರುವುದಿಲ್ಲ. ಆ ಕಷ್ಟ ಗೊತ್ತಿದ್ದವರು ಮಾಡಿದ ಟೆಸ್ಟು ಅದು, ನನಗೆ ಅದರ ಮೇಲೆ ತುಂಬ ಗೌರವ. ನಿನ್ನ ಗೆಳತಿಗೆ ಖಾಲಿ ಹೊಟ್ಟೆಯಲ್ಲಿ ಮೂರು ಸಲ ರಕ್ತ ತೆಗೆದರಲ್ಲ, ಅದು ಇನ್ನೊಂದು ವಿಧಾನ. ಅದರ ಗೆರೆಗಳು ಖಾಲಿ ಹೊಟ್ಟೆಗೆ 92, ಗ್ಲೂಕೋಸ್ ಕುಡಿದು ಒಂದು ಗಂಟೆಗೆ 180, ಎರಡು ಗಂಟೆಗೆ 153. ಎರಡನ್ನೂ ಪಕ್ಕಪಕ್ಕ ಇಟ್ಟು ತಲೆ ಕೆಡಿಸಿಕೊಳ್ಳಬೇಡ.

ನಿನ್ನ ವಾರಗಿತ್ತಿಗೂ ಮುಂದಿನ ತಿಂಗಳು ಈ ಟೆಸ್ಟ್ ಇದೆ ಅಂದೆಯಲ್ಲ, ಅವಳಿಗೆ ಇಷ್ಟು ಓದಿ ಹೇಳು. ಮೊದಲ ಸಲ ಆಸ್ಪತ್ರೆಗೆ ಹೋದಾಗ ನಾರ್ಮಲ್ ಬಂದಿದ್ದರೂ 24ರಿಂದ 28 ವಾರದ ಒಳಗೆ ಇನ್ನೊಮ್ಮೆ ಮಾಡಿಸಲೇಬೇಕು. ಗ್ಲೂಕೋಸ್ ಪುಡಿ ಮೂರು ನೂರು ಎಂಎಲ್ ನೀರಿನಲ್ಲಿ ಪೂರ್ತಿ ಕರಗಬೇಕು. ಎಷ್ಟೋ ಜನ ಗಡಿಬಿಡಿಯಲ್ಲಿ ಎರಡು ಸುತ್ತು ತಿರುಗಿಸಿ ಕುಡಿಯುತ್ತಾರೆ, ಲೋಟದ ತಳದಲ್ಲಿ ಬೆಳ್ಳಗೆ ಗಸಿ ಉಳಿದಿರುತ್ತದೆ. ಆ ಗಸಿ ಹೊಟ್ಟೆಗೆ ಹೋಗದಿದ್ದರೆ ಟೆಸ್ಟು ಸುಳ್ಳು. ತಣ್ಣನೆಯ ನೀರಾದರೆ ಅಷ್ಟು ವಾಕರಿಕೆ ಬರುವುದಿಲ್ಲ. ನಿಂಬೆರಸ ಹಿಂಡಬಹುದಾ ಅಂತ ಲ್ಯಾಬಿನವರನ್ನೇ ಕೇಳಲಿ, ಕೆಲವರು ಬಿಡುತ್ತಾರೆ. ಒಂದೇ ಗುಟುಕಿಗೆ ಎತ್ತಬಾರದು, ಐದು ಹತ್ತು ನಿಮಿಷದಲ್ಲಿ ಸ್ವಲ್ಪ ಸ್ವಲ್ಪ ಕುಡಿಯಲಿ. ಅರ್ಧ ಗಂಟೆಯ ಒಳಗೆ ವಾಂತಿಯಾದರೆ ಮುಚ್ಚಿಡದೆ ಹೇಳಿ ಇನ್ನೊಂದು ದಿನ ಮಾಡಿಸಿಕೊಳ್ಳಬೇಕು. ಆ ಎರಡು ಗಂಟೆ ಕಾರಿಡಾರಿನಲ್ಲಿ ಓಡಾಡುವುದು ಬೇಡ, ಕೂತಿರಲಿ. ಬ್ಯಾಗಿನಲ್ಲಿ ಒಂದು ಡಬ್ಬಿ ಉಪ್ಪಿಟ್ಟೋ ಚಪಾತಿಯೋ ಇಟ್ಟುಕೊಂಡಿರಲಿ. ರಕ್ತ ಕೊಟ್ಟ ಮೇಲೆ ಕೆಲವರಿಗೆ ಕೈಕಾಲು ನಡುಗುತ್ತದೆ. ಮತ್ತೆ ಹಿಂದಿನ ಮೂರು ದಿನ ಅನ್ನ ಬಿಟ್ಟು "ತಯಾರಿ" ಮಾಡುವುದಂತೂ ಬೇಡವೇ ಬೇಡ.

ಈಗ ನಿನ್ನ ಮೀಟರಿಗೆ ಬರೋಣ. ಚುಚ್ಚಿಕೊಳ್ಳುವುದಕ್ಕೆ ಕೈ ನಡುಗುತ್ತದೆ ಅಂದೆ. ಬೆರಳಿನ ನಟ್ಟನಡುವೆ ಚುಚ್ಚುತ್ತಿದ್ದೀಯ ಅನ್ನಿಸುತ್ತದೆ. ಅಲ್ಲಿ ನೋವು ಜಾಸ್ತಿ. ಉಗುರಿನ ಪಕ್ಕ, ಬೆರಳ ತುದಿಯ ಅಂಚಿಗೆ ಚುಚ್ಚು. ಉಂಗುರದ ಬೆರಳು, ನಡುಬೆರಳು ಬದಲಾಯಿಸುತ್ತಾ ಇರು. ಮೊದಲು ಸೋಪು ಹಚ್ಚಿ ಬೆಚ್ಚಗಿನ ನೀರಿನಲ್ಲಿ ಕೈ ತೊಳೆದು ಚೆನ್ನಾಗಿ ಒರೆಸು. ಬಾಳೆಹಣ್ಣು ಸುಲಿದ ಕೈಯಲ್ಲಿ ಹಾಗೇ ಚುಚ್ಚಿದರೆ ಹಣ್ಣಿನ ಸಕ್ಕರೆಯೂ ಸೇರಿ ಸುಳ್ಳು ನಂಬರು ಬರುತ್ತದೆ. ತೊಳೆದ ಮೇಲೆ ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡು, ಅಂಗೈ ಕಡೆಯಿಂದ ಬೆರಳಿನ ಕಡೆಗೆ ಮೆಲ್ಲಗೆ ಸವರು, ಆಮೇಲೆ ಚುಚ್ಚು. ತುದಿಯನ್ನು ಹಿಚುಕಬೇಡ. ಸ್ಟ್ರಿಪ್ ತೆಗೆದ ತಕ್ಷಣ ಡಬ್ಬಿ ಮುಚ್ಚು, ಬೆಂಗಳೂರಿನ ಮಳೆಗಾಲದ ತೇವಕ್ಕೆ ಅವು ಬೇಗ ಹಾಳಾಗುತ್ತವೆ. ಚುಚ್ಚಿದ ಸೂಜಿಯನ್ನು ಕಸದ ಬುಟ್ಟಿಗೆ ಹಾಗೇ ಎಸೆಯಬೇಡ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಹಾಕಿಡು. ಕಸ ಎತ್ತುವವರೂ ನಮ್ಮಂಥ ಹೆಣ್ಣುಮಕ್ಕಳೇ.

ಒಂದು ಬೆರಳಿನಲ್ಲಿ 118, ಇನ್ನೊಂದರಲ್ಲಿ 127 ಬಂದರೆ ಮೀಟರು ಕೆಟ್ಟಿದೆ ಅಂದುಕೊಳ್ಳಬೇಡ. ಮನೆಯ ಮೀಟರಿಗೂ ಲ್ಯಾಬಿಗೂ ನೂರಕ್ಕೆ ಹದಿನೈದರವರೆಗೆ ವ್ಯತ್ಯಾಸ ಇರಬಹುದು ಅಂತ ಅದರ ನಿಯಮದಲ್ಲೇ ಇದೆ. ಮೂರು ಸಲ ಚುಚ್ಚಿ ಮೂರರಲ್ಲಿ ಕಡಿಮೆ ಬಂದದ್ದನ್ನು ಬರೆಯುವ ಕೆಲಸ ಮಾತ್ರ ಮಾಡಬೇಡ. ಮೊದಲು ಬಂದದ್ದನ್ನೇ ಬರಿ. ಜಾಸ್ತಿ ಬಂದಿದ್ದರೆ ಅದರ ಪಕ್ಕದಲ್ಲಿ ಏನು ತಿಂದೆ, ಯಾವಾಗ ತಿಂದೆ, ರಾತ್ರಿ ನಿದ್ದೆ ಬಂತಾ, ಇದನ್ನೂ ಬರಿ. 172ರ ಪಕ್ಕದಲ್ಲಿ "ಅತ್ತೆಯ ತಂಗಿ ಮನೆಯಲ್ಲಿ ಎರಡು ಹೋಳಿಗೆ" ಅಂತಿದ್ದರೆ ಡಾಕ್ಟರಿಗೆ ಒಂದು ಅರ್ಥ. "ಎರಡು ಚಪಾತಿ, ಪಲ್ಯ, ವಾಕಿಂಗ್ ಮಾಡಿದೆ" ಅಂತಿದ್ದೂ 172 ಬಂದರೆ ಪೂರ್ತಿ ಬೇರೆ ಅರ್ಥ. ಮೊದಲನೆಯದಕ್ಕೆ ಒಂದು ಮಾತು ಸಾಕು, ಎರಡನೆಯದಕ್ಕೆ ಔಷಧಿ ಬೇಕಾಗಬಹುದು. ಅದನ್ನು ನಿನ್ನ ಪುಸ್ತಕ ಬಿಟ್ಟು ಬೇರೆ ಯಾವುದೂ ಹೇಳಲಾರದು. ಸಾಮಾನ್ಯವಾಗಿ ಖಾಲಿ ಹೊಟ್ಟೆಗೆ 95ರ ಒಳಗೆ, ಊಟವಾಗಿ ಒಂದು ಗಂಟೆಗೆ 140ರ ಒಳಗೆ, ಎರಡು ಗಂಟೆಗೆ 120ರ ಒಳಗೆ ಇರಬೇಕು ಅಂತಾರೆ. ನಿನ್ನ ಡಾಕ್ಟರು ಬೇರೆ ಹೇಳಿದ್ದರೆ ಅವರದ್ದೇ ಲೆಕ್ಕ. ಗಂಟೆ ಎಣಿಸುವುದು ಮೊದಲ ತುತ್ತಿನಿಂದ, ಕೈ ತೊಳೆದ ಮೇಲಿಂದ ಅಲ್ಲ.

ತಿಂಡಿಯ ಹೊತ್ತಿಗೆ ಹೆಚ್ಚು ಬರುತ್ತಿದೆಯಲ್ವಾ? ತುಂಬ ಜನಕ್ಕೆ ಹಾಗೇ. ಬೆಳಗಿನ ಹೊತ್ತು ಇನ್ಸುಲಿನ್ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ರಾತ್ರಿ ಮೂರು ಇಡ್ಲಿ ತಡೆದುಕೊಳ್ಳುವ ಮೈ ಬೆಳಿಗ್ಗೆ ತಡೆಯುವುದಿಲ್ಲ. ಎರಡು ಇಡ್ಲಿಗೆ ಇಳಿಸು, ಜೊತೆಗೆ ಒಂದು ಬಟ್ಟಲು ಮೊಳಕೆ ಹೆಸರುಕಾಳೋ ಕೋಸಂಬರಿಯೋ ಮೊಟ್ಟೆಯೋ ಇರಲಿ. ಮಧ್ಯೆ ಹಸಿವಾದರೆ ಕಡಲೆಬೀಜ, ಮೊಸರು, ಒಂದು ಸೀಬೆಹಣ್ಣು ತಿನ್ನು. ರಾಗಿ ಒಳ್ಳೆಯದು ಅಂತ ನಿಮ್ಮತ್ತೆ ದಿನಾ ಬೆಲ್ಲ ಹಾಕಿದ ರಾಗಿ ಮಾಲ್ಟ್ ಕೊಡುತ್ತಿದ್ದಾರಂತೆ. ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ನುಣ್ಣಗೆ ಹಿಟ್ಟು ಮಾಡಿ ಕುದಿಸಿದ ಗಂಜಿ ರಕ್ತಕ್ಕೆ ಬೇಗ ಸೇರುತ್ತದೆ, ಬೆಲ್ಲವೂ ಸಕ್ಕರೆಯೇ. ಸಣ್ಣ ಮುದ್ದೆ, ಜೊತೆಗೆ ಸೊಪ್ಪಿನ ಸಾರು, ಅವರೆಕಾಳು, ಅದು ಬೇರೆ ಮಾತು. ವಾದ ಮಾಡಬೇಡ. ಒಂದು ದಿನ ಮಾಲ್ಟ್ ಕುಡಿದು, ಇನ್ನೊಂದು ದಿನ ಮುದ್ದೆ ತಿಂದು, ಎರಡು ಸಲವೂ ಅವರ ಎದುರಿಗೇ ಮೀಟರು ಹಾಕು. ನೋಡಿದರೆ ಅವರಿಗೇ ತಿಳಿಯುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡಿ, ಟೆರೇಸಿನ ಮೇಲೆ ನಡೆದರೂ ಸಾಕು. ಮಲಗುವ ಮುಂಚೆ ಸಕ್ಕರೆ ಇಲ್ಲದ ಒಂದು ಲೋಟ ಹಾಲು, ನಾಲ್ಕು ಬಾದಾಮಿ.

ಎರಡು ವಾರ ಹೀಗೆ ಸರಿಯಾಗಿ ಮಾಡಿಯೂ ನಂಬರು ಇಳಿಯದಿದ್ದರೆ ಮಾತ್ರೆಯೋ ಇನ್ಸುಲಿನ್ನೋ ಕೊಡುತ್ತಾರೆ. ಹೆಚ್ಚಿನವರಿಗೆ ಊಟ, ನಡಿಗೆಯಲ್ಲೇ ಸರಿಹೋಗುತ್ತದೆ. ನಿನಗೆ ಆಗದಿದ್ದರೆ ಅದು ಸೋಲಲ್ಲ. ನಿನ್ನ ಮೈ ಮಾಡಲಾರದಷ್ಟನ್ನು ಹೊರಗಿನಿಂದ ಕೊಡುತ್ತಾರೆ ಅಷ್ಟೇ, ಇನ್ಸುಲಿನ್ ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ. ಇನ್ಸುಲಿನ್ ಶುರುವಾದರೆ ಒಂದು ಎಚ್ಚರಿಕೆ ಇರಲಿ. ಬೆವರು, ನಡುಕ, ಕಣ್ಣು ಮಂಜಾದ ಹಾಗೆ ಆಗಿ ಮೀಟರು 70ಕ್ಕಿಂತ ಕೆಳಗೆ ತೋರಿಸಿದರೆ ತಕ್ಷಣ ಮೂರು ಚಮಚ ಗ್ಲೂಕೋಸ್ ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿ. ಆಫೀಸಿನ ಬ್ಯಾಗಿನಲ್ಲೂ ಒಂದು ಪೊಟ್ಟಣ ಇಟ್ಟುಕೋ.

ಸೀಮಂತದ ಬಗ್ಗೆ ನಿನ್ನಮ್ಮನಿಗೆ ಚಿಂತೆ. ನಾನು ಹೇಳಿದ್ದೇನೆ, ಬಂದ ಮುತ್ತೈದೆಯರೆಲ್ಲ ಒಬ್ಬೊಬ್ಬರೂ ಬಾಯಿಗೆ ಸಿಹಿ ಹಾಕುವುದು ಬೇಡ ಅಂತ. ಹೂ ಮುಡಿಸಲಿ, ಬಳೆ ತೊಡಿಸಲಿ, ಹಾಡು ಹೇಳಲಿ. ನಿನಗೆ ಆಸೆಯಾದರೆ ಊಟದ ಜೊತೆ ಒಂದು ಚೂರು ಹೋಳಿಗೆ ತಿನ್ನು. ತಿಂದದ್ದನ್ನು ಬರಿ, ನಂಬರನ್ನೂ ಬರಿ.

ಹೆರಿಗೆಗೆ ಸಕ್ಕರೆ ವಿಷಯ ಗೊತ್ತಿರುವ, ಮಗುವಿನ ಡಾಕ್ಟರು ಇರುವ ಆಸ್ಪತ್ರೆಯನ್ನೇ ನೋಡಿಕೊಳ್ಳಿ. ಹುಟ್ಟಿದ ಮೇಲೆ ಮಗುವಿನ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡುತ್ತಾರೆ, ಆಗ ಗಾಬರಿಯಾಗಬೇಡ. ಮೊದಲ ಗಂಟೆಯಲ್ಲೇ ಹಾಲು ಕುಡಿಸು, ಮಗುವಿನ ಸಕ್ಕರೆ ನಿಲ್ಲಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮಾಸು ಬಿದ್ದ ಮೇಲೆ ನಿನ್ನ ಸಕ್ಕರೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಅಲ್ಲೇ ಎಲ್ಲರೂ ಮರೆಯುವುದು. ಹೆರಿಗೆಯಾಗಿ ಆರು ವಾರಕ್ಕೆ 75 ಗ್ರಾಂ ಗ್ಲೂಕೋಸಿನ ಟೆಸ್ಟನ್ನು, ಈ ಸಲ ಖಾಲಿ ಹೊಟ್ಟೆಯಲ್ಲಿ, ಇನ್ನೊಮ್ಮೆ ಮಾಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ ನೋಡಿಕೊಳ್ಳಬೇಕು. ಬಸುರಿನಲ್ಲಿ ಒಮ್ಮೆ ಬಂದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಆ ಹೊತ್ತಿಗೆ ನೀನು ಬಾಣಂತನಕ್ಕೆ ಇಲ್ಲೇ ಇರುತ್ತೀಯ. ಮಗುವನ್ನು ನಿನ್ನಮ್ಮ ನೋಡಿಕೊಳ್ಳಲಿ, ಲ್ಯಾಬಿಗೆ ನಾನು ಬರುತ್ತೇನೆ.

ಮುಂದಿನ ಚೆಕಪ್ಪು ಗುರುವಾರ ಅಲ್ವಾ? ಪುಸ್ತಕ ತೆಗೆದುಕೊಂಡು ಹೋಗು. ಆ ಮಜ್ಜಿಗೆ ಕುಡಿದು ಮಲಗಿದ ದಿನಗಳ ನಂಬರುಗಳ ಪಕ್ಕದಲ್ಲಿ "ಊಟ ಮಾಡಿಲ್ಲ" ಅಂತ ಈಗಲೇ ಬರೆದುಬಿಡು. ಡಾಕ್ಟರು ಏನು ಹೇಳಿದರು ಅಂತ ರಾತ್ರಿ ಊಟವಾದ ಮೇಲೆ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಮ್ಮ